ಶುಗರ್ ಇರುವವರ ಮನೆಗೆ ಯಾವ ಬ್ರೆಡ್ಡು ತರಬೇಕು?

ನಮ್ಮಲ್ಲಿ ಬ್ರೆಡ್ಡು ಬಹುಕಾಲ ಕಾಯಿಲೆಯವರ ಆಹಾರವಾಗಿತ್ತು. ಜ್ವರ ಬಂದರೆ ಹಾಲು-ಬ್ರೆಡ್ಡು. ಆಸ್ಪತ್ರೆಗೆ ಯಾರನ್ನಾದರೂ ನೋಡಲು ಹೊರಟರೆ ಕೈಯಲ್ಲೊಂದು ಬ್ರೆಡ್ಡಿನ ಪೊಟ್ಟಣ. ಹಾಗಾಗಿ ‘ಬ್ರೆಡ್ಡು ಹಗುರ, ಏನೂ ಮಾಡಲ್ಲ’ ಎಂಬ ನಂಬಿಕೆ ಇನ್ನೂ ಉಳಿದಿದೆ. ಸಕ್ಕರೆ ಕಾಯಿಲೆ ಇರುವವರಿಗೆ ತೊಂದರೆ ಕೊಡುವುದು ಈ ಹಗುರತನವೇ. ಬೇಗ ಕರಗುವ ಪಿಷ್ಟ ಬೇಗ ಗ್ಲೂಕೋಸ್ ಆಗಿ ರಕ್ತಕ್ಕೆ ಇಳಿಯುತ್ತದೆ.

ಇನ್ನೊಂದು ನಂಬಿಕೆ ಇತ್ತೀಚಿನದು: ಬಿಳಿ ಬ್ರೆಡ್ಡು ಕೆಟ್ಟದ್ದು, ಕಂದು ಬ್ರೆಡ್ಡು ಒಳ್ಳೆಯದು. ಇದನ್ನು ನಂಬಿದವರು ಬಿಳಿಯದನ್ನು ಎರಡು ಸ್ಲೈಸಿಗೆ ನಿಲ್ಲಿಸುತ್ತಿದ್ದರು, ಕಂದು ಬಣ್ಣದ್ದನ್ನು ನಾಲ್ಕು ತಿನ್ನುತ್ತಾರೆ. ಲೆಕ್ಕ ಹೀಗಿದೆ ನೋಡಿ. ಆಹಾರ ತಿಂದ ಮೇಲೆ ರಕ್ತದ ಸಕ್ಕರೆ ಎಷ್ಟು ಬೇಗ ಏರುತ್ತದೆ ಎಂಬುದನ್ನು ಗ್ಲೂಕೋಸ್‌ಗೆ 100 ಎಂದಿಟ್ಟುಕೊಂಡು ಅಳೆಯುವ ಪದ್ಧತಿಗೆ ಗ್ಲೈಸೆಮಿಕ್ ಇಂಡೆಕ್ಸ್ ಎನ್ನುತ್ತಾರೆ. 2008ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಬಿಳಿ ಬ್ರೆಡ್ಡಿನ ಸರಾಸರಿ 75, ಇಡೀ ಗೋಧಿಯ ಬ್ರೆಡ್ಡಿನದು 74. ಅದೇ ಪಟ್ಟಿಯಲ್ಲಿ ಚಪಾತಿಯದು 52. ಗೋಧಿ ಇಡಿಯಾಗಿದ್ದರೂ ಅದನ್ನು ನುಣ್ಣಗೆ ಬೀಸಿ, ಈಸ್ಟ್ ಹಾಕಿ ಉಬ್ಬಿಸಿ, ತುಂಬ ರಂಧ್ರಗಳಿರುವ ಮೃದು ಮುದ್ದೆ ಮಾಡಿದರೆ ಜೀರ್ಣರಸಕ್ಕೆ ಒಳಹೊಗುವುದು ಸಲೀಸು. ಕಾಳು ಕಾಳಾಗಿಯೇ ಉಳಿದ ಬ್ರೆಡ್ಡಿನಲ್ಲಿ ಹಾಗಾಗುವುದಿಲ್ಲ. ಅಂಥ ಧಾನ್ಯದ ಬ್ರೆಡ್ಡುಗಳ ಸರಾಸರಿ ಆ ಪಟ್ಟಿಯಲ್ಲಿ 53.

ಹಾಗಾದರೆ ಗೋಧಿ ಬ್ರೆಡ್ಡೇ ಬೇಡವೇ? ಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಲ್ಲಿ 100 ಗ್ರಾಂ ಗೋಧಿ ಹಿಟ್ಟಿಗೆ ನಾರಿನಂಶ ಸುಮಾರು 11.4 ಗ್ರಾಂ ಇದ್ದರೆ ಮೈದಾಕ್ಕೆ ಬರೀ 2.8 ಗ್ರಾಂ. ಹೊಟ್ಟೆ ತುಂಬಿದಂತಾಗುವುದಕ್ಕೆ, ಮಲಬದ್ಧತೆ ತಪ್ಪುವುದಕ್ಕೆ, ಕೊಲೆಸ್ಟರಾಲಿಗೆ ಆ ನಾರು ಬೇಕೇ ಬೇಕು. ಆದರೆ ಗೋಧಿ ಎಂಬ ಹೆಸರಿದೆ ಎಂದು ಸ್ಲೈಸಿನ ಲೆಕ್ಕ ಬಿಡುವಂತಿಲ್ಲ. ಮುಂದಿನ ಹೆಜ್ಜೆಗಳೆಲ್ಲ ಈ ಲೆಕ್ಕದ ಮೇಲೆಯೇ ನಿಂತಿವೆ.

ಹೆಜ್ಜೆ 1: ಬ್ರೆಡ್ಡು ಯಾವುದರ ಬದಲಿಗೆ ಎಂದು ಮೊದಲು ತೀರ್ಮಾನಿಸಿ

ಅಂಗಡಿಗೆ ಹೋಗುವ ಮುಂಚೆಯೇ ಆಗಬೇಕಾದ ಕೆಲಸ ಇದು. ಬೆಳಗಿನ ಇಡ್ಲಿಯ ಬದಲಿಗೆ ಬ್ರೆಡ್ಡು ಬಂದರೆ ಅದು ಒಂದು ತಿಂಡಿ. ಇಡ್ಲಿ ತಿಂದು, ಹನ್ನೊಂದಕ್ಕೆ ಕಾಫಿಯ ಜೊತೆ ಎರಡು ಸ್ಲೈಸು ಬಂದರೆ ಅದು ಹೆಚ್ಚುವರಿ ಪಿಷ್ಟ. ಎಷ್ಟೇ ಒಳ್ಳೆಯ ಬ್ರೆಡ್ಡು ತಂದರೂ ಈ ಎರಡನೆಯ ದಾರಿಯಲ್ಲಿ ಶುಗರ್ ಹತೋಟಿಗೆ ಬರುವುದು ಕಷ್ಟ.

ಸಾಮಾನ್ಯ ಸ್ಯಾಂಡ್‌ವಿಚ್ ಬ್ರೆಡ್ಡಿನಲ್ಲಿ ಹೆಚ್ಚುಕಡಿಮೆ ಅರ್ಧ ತೂಕ ಕಾರ್ಬೋಹೈಡ್ರೇಟ್. ಪೊಟ್ಟಣದ ತೂಕವನ್ನು ಸ್ಲೈಸುಗಳ ಸಂಖ್ಯೆಯಿಂದ ಭಾಗಿಸಿದರೆ ಒಂದರ ತೂಕ ಸಿಗುತ್ತದೆ. 400 ಗ್ರಾಂ ಪೊಟ್ಟಣದಲ್ಲಿ 16 ಸ್ಲೈಸಿದ್ದರೆ ಒಂದಕ್ಕೆ 25 ಗ್ರಾಂ, ಅದರಲ್ಲಿ ಕಾರ್ಬ್ 12 ಗ್ರಾಂ ಚಿಲ್ಲರೆ. ಎರಡಕ್ಕೆ 25. ನೂರು ಗ್ರಾಂ ರಾಗಿ ಹಿಟ್ಟಿನ ಒಂದು ಮುದ್ದೆಯಲ್ಲಿ 67 ಗ್ರಾಂ ಇರುತ್ತದೆ. ಎಂದರೆ ಎರಡು ತೆಳು ಸ್ಲೈಸು ಮಹಾಪರಾಧವೇನಲ್ಲ. ಮುದ್ದೆ ಎಷ್ಟು ಬೇಕಾದರೂ ಉಣ್ಣಬಹುದು, ಬ್ರೆಡ್ಡು ಮುಟ್ಟಲೇಬಾರದು ಎನ್ನುವವರು ಒಮ್ಮೆ ಈ ಗುಣಾಕಾರ ಮಾಡಿ ನೋಡಲಿ. ರಾಗಿಯಲ್ಲಿ ನಾರಿದೆ ನಿಜ, ಪಿಷ್ಟವೂ ಇದೆ.

ಒಂದು ಊಟಕ್ಕೆ ಒಟ್ಟು ಎಷ್ಟು ಕಾರ್ಬ್ ಎಂಬುದು ನಿಮ್ಮ ಮೈತೂಕ, ಕೆಲಸ, ಮಾತ್ರೆಗಳನ್ನು ನೋಡಿ ವೈದ್ಯರೋ ಡಯಟಿಷಿಯನ್ನೋ ಹೇಳಬೇಕಾದ ಮಾತು. ಅದು ತಿಳಿಯುವವರೆಗೆ ಎರಡು ತೆಳು ಸ್ಲೈಸಿನಲ್ಲಿ ನಿಲ್ಲುವುದು ಕ್ಷೇಮ.

ಹೆಜ್ಜೆ 2: ಪೊಟ್ಟಣದ ಮುಂಭಾಗ ಓದಬೇಡಿ

ಬ್ರೌನ್, ಮಲ್ಟಿಗ್ರೇನ್, ಆಟಾ, ಹೈ ಫೈಬರ್, ನೋ ಮೈದಾ, ಶುಗರ್ ಫ್ರೀ, ಡಯಾಬಿಟಿಕ್ ಫ್ರೆಂಡ್ಲಿ. ಮುಂಭಾಗದಲ್ಲಿ ಇವೆಲ್ಲ ದಪ್ಪಕ್ಷರದಲ್ಲಿರುತ್ತವೆ, ಜೊತೆಗೊಂದು ಗೋಧಿ ತೆನೆಯ ಚಿತ್ರ. ಪೊಟ್ಟಣ ತಿರುಗಿಸಿ. ಹಿಂಭಾಗದಲ್ಲಿ ‘ಇಂಗ್ರೀಡಿಯಂಟ್ಸ್’ ಎಂದು ಸಣ್ಣಕ್ಷರದ ಸಾಲಿದೆ. ಕನ್ನಡಕ ಬೇಕಾದೀತು, ಇಲ್ಲದಿದ್ದರೆ ಫೋನಿನಲ್ಲಿ ಫೋಟೊ ತೆಗೆದು ಹಿಗ್ಗಿಸಿ ಓದಿ.

ಆ ಪಟ್ಟಿಯ ನಿಯಮ ಸರಳ. ಯಾವುದು ಹೆಚ್ಚು ತೂಕವಿದೆಯೋ ಅದರ ಹೆಸರು ಮೊದಲು, ಕಡಿಮೆ ಇರುವುದು ಕೊನೆಗೆ. ಮೊದಲ ಹೆಸರು ‘ರಿಫೈನ್ಡ್ ವೀಟ್ ಫ್ಲೋರ್’ ಎಂದಿದ್ದರೆ ಅದು ಮೈದಾ ಬ್ರೆಡ್ಡು, ಮುಂದೆ ಏನೇ ಬರೆದಿರಲಿ. ಬರೀ ‘ವೀಟ್ ಫ್ಲೋರ್’ ಎಂದಿದ್ದರೂ ಮೈದಾ ಎಂದೇ ಅನುಮಾನಿಸಿ. ನಿಮಗೆ ಬೇಕಾದ ಶಬ್ದ ‘ಹೋಲ್ ವೀಟ್ ಫ್ಲೋರ್’, ಅಂದರೆ ಆಟಾ. ಅದು ಮೊದಲ ಸ್ಥಾನದಲ್ಲಿರಬೇಕು.

ಪಕ್ಕದಲ್ಲಿ ಶೇಕಡಾವಾರು ಅಂಕಿ ಇದೆಯೇ ನೋಡಿ. ಒಂದು ಪದಾರ್ಥವನ್ನು ಹೆಸರಲ್ಲೋ ಚಿತ್ರದಲ್ಲೋ ಎತ್ತಿ ತೋರಿಸಿದರೆ ಅದು ಎಷ್ಟು ಪ್ರಮಾಣದಲ್ಲಿದೆ ಎಂದು ನಮೂದಿಸಬೇಕೆಂಬುದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ನಿಯಮ. ಮಲ್ಟಿಗ್ರೇನ್ ಬ್ರೆಡ್ಡಿನ ಬಂಡವಾಳ ಬಯಲಾಗುವುದು ಇಲ್ಲೇ. ಜೋಳ, ರಾಗಿ, ಓಟ್ಸ್, ಅಗಸೆ, ಎಳ್ಳು ಎಂದು ಐದಾರು ಹೆಸರು ಇದ್ದು ಒಂದೊಂದೂ ಶೇ 1, ಶೇ 2 ಎಂದಿದ್ದರೆ ಅದು ಮೇಲೆ ಉದುರಿಸಿದ ಅಲಂಕಾರ. ‘ಗ್ರೇನ್’ ಹಲವಿರಬಹುದು, ಹಿಟ್ಟು ಮಾತ್ರ ಒಂದೇ.

ಕೊನೆಯ ಸಾಲಿನಲ್ಲಿ ‘ಕ್ಯಾರಮೆಲ್’ ಎಂದೋ ಐಎನ್‌ಎಸ್ 150 ಎಂದೋ ಕಂಡರೆ ಬಣ್ಣ ಸೇರಿಸಿದ್ದಾರೆ ಎಂದರ್ಥ. ಬಣ್ಣದಿಂದ ಶುಗರ್ ಏರುವುದಿಲ್ಲ. ಆದರೆ ಆ ಕಂದು ಗೋಧಿಯ ತೌಡಿನಿಂದಲೇ ಬಂದದ್ದಲ್ಲ ಎಂಬುದಂತೂ ಗೊತ್ತಾಗುತ್ತದೆ. ‘ವೀಟ್ ಗ್ಲೂಟೆನ್’ ಕಂಡರೆ ಗಾಬರಿ ಬೇಡ. ಗೋಧಿಯದೇ ಪ್ರೋಟೀನು ಅದು, ಆಟಾ ಬ್ರೆಡ್ಡು ಉಬ್ಬಲೆಂದು ಹಾಕುತ್ತಾರೆ. ಗ್ಲೂಟೆನ್ ಆಗದವರ ಮಾತು ಬೇರೆ. ಅವರಿಗಾಗಿ ಬರುವ ಗ್ಲೂಟೆನ್ ರಹಿತ ಬ್ರೆಡ್ಡಿನಲ್ಲಿ ಅಕ್ಕಿ, ಮರಗೆಣಸು, ಆಲೂಗೆಡ್ಡೆಯ ಪಿಷ್ಟವೇ ಹೆಚ್ಚಾಗಿರುವುದು ಸಾಮಾನ್ಯ. ಗ್ಲೂಟೆನ್ ತೊಂದರೆ ಇಲ್ಲದ ಶುಗರ್ ರೋಗಿ ಅದನ್ನು ದುಬಾರಿ ಬೆಲೆ ಕೊಟ್ಟು ತರುವುದರಲ್ಲಿ ಅರ್ಥವಿಲ್ಲ.

ಇನ್ನು ಸಕ್ಕರೆ. ಲಿಕ್ವಿಡ್ ಗ್ಲೂಕೋಸ್, ಇನ್ವರ್ಟ್ ಸಿರಪ್, ಮಾಲ್ಟ್ ಎಕ್ಸ್‌ಟ್ರ್ಯಾಕ್ಟ್, ಬೆಲ್ಲ, ಜೇನು ಎಲ್ಲವೂ ಸಕ್ಕರೆಯ ಬಳಗವೇ. ಮಾಲ್ಟೋಡೆಕ್ಸ್‌ಟ್ರಿನ್ ಹೆಸರಿಗೆ ಸಕ್ಕರೆಯಲ್ಲ, ಗ್ಲೂಕೋಸ್ ಆಗಿ ಬದಲಾಗುವುದರಲ್ಲಿ ಮಾತ್ರ ಸಕ್ಕರೆಗಿಂತ ಹಿಂದಿಲ್ಲ. ಆದರೂ ಜನ ಈ ಒಂದು ವಿಷಯಕ್ಕೆ ಅಗತ್ಯಕ್ಕಿಂತ ಹೆಚ್ಚು ತಲೆಕೆಡಿಸಿಕೊಳ್ಳುತ್ತಾರೆ ಎಂದು ನನ್ನ ಅಭಿಪ್ರಾಯ. ಮಾಮೂಲಿ ಬ್ರೆಡ್ಡಿನ ನೂರು ಗ್ರಾಮಿನಲ್ಲಿ ಸಕ್ಕರೆ ಮೂರೋ ಐದೋ ಗ್ರಾಂ ಇದ್ದೀತು, ಉಳಿದ ನಲವತ್ತೈದು ಗ್ರಾಂ ಪಿಷ್ಟ. ಸಕ್ಕರೆ ಹಾಕದ ಮೈದಾ ಬ್ರೆಡ್ಡು ತಂದರೆ ಆ ಮೂರು ಗ್ರಾಂ ಉಳಿಯಿತು, ನಲವತ್ತೈದು ಹಾಗೇ ಇದೆ. ಬಾಯಿಗೆ ಸಿಹಿ ಹತ್ತುವ ಮಿಲ್ಕ್ ಬ್ರೆಡ್ಡು, ಹಣ್ಣಿನ ಬ್ರೆಡ್ಡುಗಳನ್ನು ಬಿಟ್ಟುಬಿಡಿ, ಅಷ್ಟು ಸಾಕು.

ಹೆಜ್ಜೆ 3: ಪೋಷಕಾಂಶದ ಕೋಷ್ಟಕದಲ್ಲಿ ಎರಡೇ ಅಂಕಿ, ಒಂದು ಭಾಗಾಕಾರ

ಕೋಷ್ಟಕದಲ್ಲಿ ‘100 ಗ್ರಾಮಿಗೆ’ ಎಂಬ ಒಂದು ಸಾಲು, ‘ಪರ್ ಸರ್ವ್’ ಎಂಬ ಇನ್ನೊಂದು ಸಾಲು ಇರುತ್ತದೆ. ಒಂದು ಸರ್ವ್ ಎಂದರೆ ಕೆಲವರ ಪ್ರಕಾರ ಒಂದು ಸ್ಲೈಸು, ಕೆಲವರ ಪ್ರಕಾರ ಎರಡು. ಎರಡು ಬ್ರೆಡ್ಡುಗಳನ್ನು ಹೋಲಿಸುವಾಗ 100 ಗ್ರಾಮಿನ ಸಾಲನ್ನೇ ನೋಡಿ.

ಕಾರ್ಬೋಹೈಡ್ರೇಟನ್ನು ನಾರಿನಿಂದ, ಅಂದರೆ ‘ಡಯಟರಿ ಫೈಬರ್’ ಎಂದಿರುವ ಅಂಕಿಯಿಂದ ಭಾಗಿಸಿ. ಉತ್ತರ 10 ಅಥವಾ ಅದಕ್ಕಿಂತ ಕಡಿಮೆ ಬಂದರೆ ಬುಟ್ಟಿಗೆ ಹಾಕಿ. ಕಾರ್ಬ್ 48, ನಾರು 6 ಇದ್ದರೆ 8 ಬರುತ್ತದೆ, ಸರಿ. ಕಾರ್ಬ್ 50, ನಾರು 2.5 ಇದ್ದರೆ 20, ಅದನ್ನು ಅಲ್ಲೇ ಇಡಿ. ಇಡೀ ಧಾನ್ಯದ ಆಹಾರ ಗುರುತಿಸಲು ಬಳಸುವ ಅಂದಾಜಿನ ಲೆಕ್ಕ ಇದು. ಪರಿಪೂರ್ಣವಲ್ಲ, ಆದರೆ ಮುಂಭಾಗದ ಹೆಸರುಗಳಿಗಿಂತ ಸಾವಿರ ಪಾಲು ಮೇಲು.

ನಾರಿನ ಅಂಕಿಯೇ ಇಲ್ಲದ ಪೊಟ್ಟಣಗಳೂ ಇವೆ. ನಾರಿನ ಬಗ್ಗೆ ಹೇಳಿಕೊಳ್ಳದ ಪದಾರ್ಥದ ಮೇಲೆ ಅದನ್ನು ಮುದ್ರಿಸುವುದು ನಮ್ಮ ದೇಶದಲ್ಲಿ ಕಡ್ಡಾಯವಿಲ್ಲ. ‘ಹೈ ಫೈಬರ್’ ಎಂದು ಹೇಳಿಕೊಳ್ಳಬೇಕಾದರೆ 100 ಗ್ರಾಮಿಗೆ ಕನಿಷ್ಠ 6 ಗ್ರಾಂ ಇರಬೇಕು, ‘ಸೋರ್ಸ್ ಆಫ್ ಫೈಬರ್’ ಎನ್ನಲು 3 ಗ್ರಾಂ ಸಾಕು. ಅಂಕಿ ಹಾಕದವರು ಹೆಮ್ಮೆಪಡುವಂಥದ್ದೇನೂ ಇಲ್ಲದೆ ಹಾಕಿಲ್ಲ ಎಂದುಕೊಳ್ಳಿ.

ಬಿಪಿಯೂ ಇದ್ದರೆ ಸೋಡಿಯಂ ಕಡೆಗೂ ಕಣ್ಣು ಹಾಯಿಸಿ. ಉಪ್ಪು ನಾಲಿಗೆಗೆ ತಿಳಿಯದಿದ್ದರೂ ಬ್ರೆಡ್ಡಿನ 100 ಗ್ರಾಮಿಗೆ 400–500 ಮಿಲಿಗ್ರಾಂ ಸೋಡಿಯಂ ಸಾಮಾನ್ಯ. ದಿನಕ್ಕೆ 2000 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಪ್ಪಿನಕಾಯಿ, ಹಪ್ಪಳದ ಲೆಕ್ಕ ಬೇರೆ ಇದ್ದೇ ಇದೆ.

ಹೆಜ್ಜೆ 4: ಲೇಬಲ್ ಇಲ್ಲದ ಬೇಕರಿಯಲ್ಲಿ

ಬೆಂಗಳೂರಿನ ಬೀದಿ ಬೀದಿಯಲ್ಲಿರುವ, ಹಾಸನದ ಕಡೆಯವರು ಕಟ್ಟಿ ಬೆಳೆಸಿದ ಅಯ್ಯಂಗಾರ್ ಬೇಕರಿಗಳ ಬ್ರೆಡ್ಡಿನ ರುಚಿ ಪೊಟ್ಟಣದ ಬ್ರೆಡ್ಡಿಗೆ ಬರುವುದಿಲ್ಲ, ಒಪ್ಪುತ್ತೇನೆ. ಆದರೆ ಅಲ್ಲಿ ತಿರುಗಿಸಿ ಓದಲು ಏನೂ ಇರುವುದಿಲ್ಲ. ಕೇಳಬೇಕು. ‘ಗೋಧಿ ಬ್ರೆಡ್ಡು ಇದೆಯಾ’ ಎಂದರೆ ಇದೆ ಎನ್ನುತ್ತಾರೆ. ‘ಗೋಧಿ ಎಷ್ಟು, ಮೈದಾ ಎಷ್ಟು ಹಾಕ್ತೀರಿ’ ಎಂದು ಕೇಳಿ. ದಿನವೂ ಹೋಗುವ ಅಂಗಡಿಯಾದರೆ ನಿಜವನ್ನೇ ಹೇಳುತ್ತಾರೆ. ಅರ್ಧಕ್ಕರ್ಧ ಎಂಬ ಉತ್ತರ ಬಂದರೆ ಆಶ್ಚರ್ಯಪಡಬೇಡಿ. ಪೂರ್ತಿ ಗೋಧಿಯ ಬ್ರೆಡ್ಡು ಅಷ್ಟು ಮೆತ್ತಗೆ, ಅಷ್ಟು ಎತ್ತರಕ್ಕೆ ಉಬ್ಬುವುದಿಲ್ಲ. ಕೈಗೆ ತುಸು ಭಾರ, ಕತ್ತರಿಸಿದರೆ ಒತ್ತೊತ್ತಾದ ಒಳಮೈ, ತೌಡಿನ ಚುಕ್ಕೆ ಇದ್ದರೆ ನಂಬಬಹುದು. ಸ್ಲೈಸನ್ನು ತೆಳ್ಳಗೆ ಕತ್ತರಿಸಿಕೊಡಿ ಎಂದು ಹೇಳುವುದನ್ನು ಮರೆಯಬೇಡಿ.

ಬ್ರೆಡ್ಡು ಕೊಳ್ಳಲು ಹೋದವರು ಬರಿಗೈಯಲ್ಲಿ ಬರುತ್ತಾರೆಯೇ? ಪಕ್ಕದಲ್ಲೇ ಖಾರ ಬನ್ನು, ಆಲೂ ಬನ್ನು, ದಿಲ್‌ಪಸಂದ್. ಖಾರ ಎಂದಾಕ್ಷಣ ಸಕ್ಕರೆ ಇಲ್ಲ ಎಂಬ ಧೈರ್ಯ ಬೇಡ, ಬನ್ನಿನ ಹಿಟ್ಟು ಮೈದಾ, ಒಂದು ಬನ್ನು ಎರಡು ಸ್ಲೈಸಿಗೂ ಹೆಚ್ಚು ತೂಗುವುದುಂಟು. ಮಂಗಳೂರು ಬನ್ಸ್ ಅಂತೂ ಮೈದಾ, ಬಾಳೆಹಣ್ಣು, ಸಕ್ಕರೆ, ಮೇಲೆ ಎಣ್ಣೆಯಲ್ಲಿ ಕರಿದದ್ದು. ಹಬ್ಬಕ್ಕೆಂದು ಅರ್ಧ ತಿಂದರೆ ಸರಿ, ಬ್ರೆಡ್ಡಿನ ಲೆಕ್ಕದಲ್ಲಿ ಸೇರಿಸಬೇಡಿ. ಕಾಫಿಗೆ ಅದ್ದಿಕೊಳ್ಳುವ ರಸ್ಕ್ ಎಲ್ಲಕ್ಕಿಂತ ಮೋಸಗಾರ. ನೀರೆಲ್ಲ ಆರಿಸಿದ ಸಿಹಿ ಬ್ರೆಡ್ಡು ಅದು. ತೂಕ ಇಳಿದಿದೆ, ಪಿಷ್ಟ ಇಳಿದಿಲ್ಲ. ಗ್ರಾಮಿಗೆ ಗ್ರಾಂ ಹೋಲಿಸಿದರೆ ಬ್ರೆಡ್ಡಿಗಿಂತ ರಸ್ಕಿನಲ್ಲೇ ಕಾರ್ಬ್ ಹೆಚ್ಚು.

ಈಚೆಗೆ ಸಾರ್ಡೋ ಬ್ರೆಡ್ಡಿನ ಹುಚ್ಚು. ನಿಜವಾದ ಸಾರ್ಡೋ ಎಂದರೆ ಹಿಟ್ಟು, ನೀರು, ಉಪ್ಪು, ಹುಳಿ ಬರಿಸಿದ ಹಳೆಯ ಹಿಟ್ಟು, ಬಹಳ ಹೊತ್ತಿನ ಕಾಯುವಿಕೆ. ನಮ್ಮ ದೋಸೆ ಹಿಟ್ಟಿನ ಬಂಧು. ಆ ಹುಳಿಯಲ್ಲಿರುವ ಲ್ಯಾಕ್ಟಿಕ್ ಆಮ್ಲ ಪಿಷ್ಟ ಕರಗುವ ವೇಗವನ್ನು ತಗ್ಗಿಸುತ್ತದೆ, ಹೀಗಾಗಿ ಸಾಮಾನ್ಯ ಬಿಳಿ ಬ್ರೆಡ್ಡಿಗಿಂತ ಇದು ವಾಸಿ. ಪದಾರ್ಥಗಳ ಸಾಲಿನಲ್ಲಿ ಈಸ್ಟ್, ಸಕ್ಕರೆ, ವಿನೆಗರ್ ಇದ್ದರೆ ಅದು ಹುಳಿ ರುಚಿಯ ಬ್ರೆಡ್ಡಷ್ಟೇ. ಇನ್ನೊಂದು ಎಚ್ಚರಿಕೆ: ಸಾರ್ಡೋ ಸ್ಲೈಸು ದಪ್ಪ ಮತ್ತು ಅಗಲ. ಒಂದೇ ಸ್ಲೈಸು 50 ಗ್ರಾಂ ತೂಗಿದರೆ ಅದು ಎರಡರ ಲೆಕ್ಕ.

ಜರ್ಮನಿಯಲ್ಲಿರುವ ಕನ್ನಡಿಗರಿಗೆ ಈ ವಿಷಯದಲ್ಲಿ ಅದೃಷ್ಟವಿದೆ. ಅಲ್ಲಿ ‘ಫೋಲ್‌ಕೋರ್ನ್‌ಬ್ರೋಟ್’ ಎಂದು ಮಾರಬೇಕಾದರೆ ಧಾನ್ಯಾಂಶದಲ್ಲಿ ಕನಿಷ್ಠ ಶೇ 90 ಇಡೀ ಧಾನ್ಯದ್ದಾಗಿರಬೇಕು. ರೈ ಎಂಬ ಗೋಧಿಯಂಥ ಧಾನ್ಯದ ಕಾಳು ಹಲ್ಲಿಗೆ ಸಿಗುವ ಕಪ್ಪನೆಯ, ಇಟ್ಟಿಗೆಯಂಥ ಆ ಬ್ರೆಡ್ಡು ಮೊದಲ ಸಲ ಯಾರಿಗೂ ಸೇರುವುದಿಲ್ಲ. ತೆಳ್ಳಗಿನ ಒಂದು ಸ್ಲೈಸಿನ ಮೇಲೆ ಮೊಟ್ಟೆಯೋ ಚಟ್ನಿಯೋ ಹಾಕಿ ಅಭ್ಯಾಸ ಮಾಡಿಕೊಂಡವರು ಆಮೇಲೆ ಬಿಡುವುದಿಲ್ಲ.

ಹೆಜ್ಜೆ 5: ಬ್ರೆಡ್ಡನ್ನು ಒಂಟಿಯಾಗಿ ತಿನ್ನಬೇಡಿ

ಬ್ರೆಡ್ಡಿನ ಮೇಲೆ ಜಾಮು, ಪಕ್ಕದಲ್ಲಿ ಸಕ್ಕರೆ ಹಾಕಿದ ಹಾಲು, ಜೊತೆಗೊಂದು ಬಾಳೆಹಣ್ಣು: ಮೂರೂ ಒಂದೇ ಕಡೆಗೆ ತಳ್ಳುತ್ತವೆ. ಅದರ ಬದಲು ಈರುಳ್ಳಿ ಆಮ್ಲೆಟ್, ಬೇಯಿಸಿದ ಮೊಟ್ಟೆ, ಪನೀರ್ ಬುರ್ಜಿ, ಮೊಳಕೆ ಹೆಸರುಕಾಳಿನ ಉಸಲಿ, ಕಡಲೆಬೀಜದ ಚಟ್ನಿ, ಸೌತೆಕಾಯಿ-ಟೊಮೆಟೊ. ರಾತ್ರಿ ಉಳಿದ ಹುರುಳಿಕಾಯಿ ಪಲ್ಯವನ್ನು ಎರಡು ಸ್ಲೈಸಿನ ನಡುವೆ ಇಟ್ಟು ಹಂಚಿನ ಮೇಲೆ ಒತ್ತಿದರೆ ಪೇಟೆಯ ಸ್ಯಾಂಡ್‌ವಿಚ್‌ಗೆ ಏನೂ ಕಡಿಮೆಯಿಲ್ಲ. ಆಲೂಗೆಡ್ಡೆ ಪಲ್ಯ ಮಾತ್ರ ಬೇಡ, ಪಿಷ್ಟದ ನಡುವೆ ಪಿಷ್ಟ.

ತಿನ್ನುವ ಕ್ರಮಕ್ಕೂ ಬೆಲೆಯಿದೆ. 2015ರಲ್ಲಿ ನ್ಯೂಯಾರ್ಕಿನ ವೈಲ್ ಕಾರ್ನೆಲ್ ವೈದ್ಯಕೀಯ ಸಂಸ್ಥೆಯವರು ಟೈಪ್ 2 ಮಧುಮೇಹವಿದ್ದ 11 ಮಂದಿಗೆ ಒಂದೇ ಊಟವನ್ನು ಎರಡು ಕ್ರಮದಲ್ಲಿ ಕೊಟ್ಟರು. ಒಂದು ದಿನ ಬ್ರೆಡ್ಡು ಮತ್ತು ಕಿತ್ತಳೆ ರಸ ಮೊದಲು, ಕೋಳಿ-ತರಕಾರಿ ಆಮೇಲೆ. ಇನ್ನೊಂದು ದಿನ ತಿರುಗುಮುರುಗು. ತರಕಾರಿ, ಕೋಳಿ ಮೊದಲು ತಿಂದ ದಿನ ಸಕ್ಕರೆಯ ಏರಿಕೆ ಸಾಕಷ್ಟು ಕಡಿಮೆಯಿತ್ತು. ಚಿಕ್ಕ ಪ್ರಯೋಗ, ಆದರೆ ಮನೆಯಲ್ಲಿ ಅನುಸರಿಸಲು ಖರ್ಚಿಲ್ಲ. ಕೋಸಂಬರಿಯೋ ಮೊಟ್ಟೆಯೋ ಮೊದಲು, ಬ್ರೆಡ್ಡು ಕೊನೆಗೆ.

ಫ್ರೀಜರ್ ಕೂಡ ಸ್ವಲ್ಪ ಸಹಾಯಕ್ಕೆ ಬರುತ್ತದೆ. 2008ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ 10 ಮಂದಿ ಆರೋಗ್ಯವಂತರ ಮೇಲೆ ನಡೆದ ಪರೀಕ್ಷೆಯಲ್ಲಿ, ಮನೆಯಲ್ಲಿ ಮಾಡಿದ ಬಿಳಿ ಬ್ರೆಡ್ಡನ್ನು ಹೆಪ್ಪುಗಟ್ಟಿಸಿ, ಆಮೇಲೆ ಟೋಸ್ಟ್ ಮಾಡಿ ತಿಂದಾಗ ಸಕ್ಕರೆಯ ಏರಿಕೆ ತಾಜಾ ಬ್ರೆಡ್ಡಿಗಿಂತ ಸುಮಾರು ಶೇ 39 ಕಡಿಮೆಯಾಗಿತ್ತು. ತಣ್ಣಗಾದ ಪಿಷ್ಟದ ಒಂದಷ್ಟು ಭಾಗ ಗಟ್ಟಿಕಟ್ಟಿ ಜೀರ್ಣಕ್ಕೆ ಸುಲಭವಾಗಿ ಬಗ್ಗದಂತಾಗುವುದೇ ಕಾರಣ. ಅಂಗಡಿಯ ಬ್ರೆಡ್ಡಿಗೆ, ಮಧುಮೇಹದ ಮೈಗೆ ಅಷ್ಟೇ ಲಾಭ ಸಿಗುತ್ತದೆಂದು ಹೇಳಲಾಗದು. ಹಾಗಿದ್ದರೂ ತಂದ ದಿನವೇ ಎರಡೆರಡು ಸ್ಲೈಸು ಕಟ್ಟಿ ಫ್ರೀಜರಿಗೆ ಹಾಕಿ, ಬೇಕಾದಾಗ ನೇರವಾಗಿ ಹಂಚಿಗೆ ಹಾಕುವ ಪದ್ಧತಿ ಒಳ್ಳೆಯದು. ಮಳೆಗಾಲದಲ್ಲಿ ಬೂಷ್ಟು ಬರುವುದಿಲ್ಲ, ಕಟ್ಟಿದ್ದೇ ಎರಡಾದ್ದರಿಂದ ಮೂರನೆಯದಕ್ಕೆ ಕೈ ಹೋಗುವುದೂ ಇಲ್ಲ.

ಬ್ರೆಡ್ಡಿನ ಉಪ್ಪಿಟ್ಟಿನ ಬಗ್ಗೆ ಎಚ್ಚರ. ಪುಡಿ ಮಾಡಿದ ಮೇಲೆ ಸ್ಲೈಸಿನ ಲೆಕ್ಕ ಯಾರಿಗೂ ಸಿಗುವುದಿಲ್ಲ, ಒಂದು ತಟ್ಟೆಯಲ್ಲಿ ನಾಲ್ಕೈದು ಹೋಗಿರುತ್ತವೆ. ಮಾಡಲೇಬೇಕೆಂದರೆ ತಲೆಗೆ ಎರಡರಂತೆ ಎಣಿಸಿ, ಉಳಿದ ಜಾಗವನ್ನು ಬೀನ್ಸ್, ಕ್ಯಾರೆಟ್, ಎಲೆಕೋಸು, ಹುರಿದ ಕಡಲೆಬೀಜದಿಂದ ತುಂಬಿ. ಬೀದರ್, ಕಲಬುರಗಿಯ ಮದುವೆ ಮನೆಗಳಲ್ಲಿ ಬ್ರೆಡ್ಡನ್ನು ಕರಿದು ಸಕ್ಕರೆ ಪಾಕದಲ್ಲಿ ನೆನೆಸಿ ಮಾಡುವ ಡಬಲ್ ಕಾ ಮೀಠಾ ಬಗ್ಗೆ ಹೇಳುವುದಕ್ಕೇನಿದೆ, ನಿಮಗೇ ಗೊತ್ತು.

ಹೆಜ್ಜೆ 6: ಗ್ಲೂಕೋಮೀಟರಿನಲ್ಲಿ ಪರೀಕ್ಷೆ ಮಾಡಿ

ಇಷ್ಟೆಲ್ಲ ನೋಡಿ ತಂದ ಬ್ರೆಡ್ಡು ನಿಮ್ಮ ಮೈಗೆ ಹೇಗೆ ಎಂಬುದನ್ನು ಯಾವ ಲೇಬಲ್ಲೂ ಹೇಳದು. ಒಂದೇ ಬ್ರೆಡ್ಡಿಗೆ ಗಂಡನ ಶುಗರ್ ಒಂದು ಥರ, ಹೆಂಡತಿಯದು ಇನ್ನೊಂದು ಥರ ಏರಬಹುದು.

ಕೈಯನ್ನು ಸೋಪು ಹಾಕಿ ತೊಳೆದು ಒರೆಸಿಕೊಳ್ಳಿ. ಬೆರಳಿಗೆ ಹಣ್ಣಿನ ರಸ ಅಂಟಿದ್ದರೂ ಅಂಕಿ ಸುಳ್ಳು ಬರುತ್ತದೆ. ತಿನ್ನುವ ಮೊದಲು ಒಮ್ಮೆ ನೋಡಿ ಬರೆದಿಟ್ಟುಕೊಳ್ಳಿ. ಮೊದಲ ತುತ್ತು ಬಾಯಿಗಿಟ್ಟ ಗಳಿಗೆಯಿಂದ ಎರಡು ಗಂಟೆ ಎಣಿಸಿ ಮತ್ತೆ ನೋಡಿ, ತಿಂದು ಮುಗಿಸಿದ ಮೇಲಿಂದ ಅಲ್ಲ. ಇನ್ನೊಂದು ದಿನ ಬೇರೆ ಬ್ರೆಡ್ಡು: ಅದೇ ಹೊತ್ತು, ಅದೇ ತೂಕ, ಅದೇ ಪಲ್ಯ, ಅದೇ ಮಾತ್ರೆ. ಒಂದು ದಿನ ತಿಂದು ವಾಕಿಂಗ್ ಹೋಗಿ, ಮತ್ತೊಂದು ದಿನ ಟಿವಿ ಮುಂದೆ ಕೂತರೆ ಹೋಲಿಕೆ ಕೆಟ್ಟಿತು. ಒಂದೇ ಸಲದ ಅಂಕಿ ನೋಡಿ ತೀರ್ಪು ಕೊಡಬೇಡಿ, ನಿದ್ದೆ ಕೆಟ್ಟ ದಿನ, ನೆಗಡಿಯಾದ ದಿನ ಶುಗರ್ ತಾನಾಗೇ ಏರಿರುತ್ತದೆ.

ಊಟವಾದ ಮೇಲೆ 180 ಮಿಲಿಗ್ರಾಂ ದಾಟಬಾರದು ಎಂಬುದು ಸಾಮಾನ್ಯವಾಗಿ ಹೇಳುವ ಗುರಿ. ವಯಸ್ಸಾದವರಿಗೆ, ಪದೇ ಪದೇ ಲೋ ಆಗುವವರಿಗೆ ವೈದ್ಯರು ಬೇರೆ ಅಂಕಿ ಕೊಟ್ಟಿರಬಹುದು. ಗರ್ಭಿಣಿಯರ ಗುರಿ ತುಂಬ ಬಿಗಿ: ಒಂದು ಗಂಟೆಗೆ 140, ಎರಡು ಗಂಟೆಗೆ 120ರ ಒಳಗೆ. ಅವರು ಈ ಪ್ರಯೋಗಗಳನ್ನು ತಾವೇ ಮಾಡುವ ಬದಲು ನೋಡುತ್ತಿರುವ ಡಾಕ್ಟರನ್ನು ಕೇಳಿಯೇ ಮುಂದುವರಿಯಲಿ.

ಹೆಜ್ಜೆ 7: ಬದಲಾಯಿಸುವ ಮುನ್ನ ವೈದ್ಯರಿಗೆ ಹೇಳಬೇಕಾದವರು

ಕಿಡ್ನಿ ತೊಂದರೆ ಇರುವವರಿಗೆ ಮೇಲಿನ ಸಲಹೆ ಹಾಗೇ ಹೊಂದುವುದಿಲ್ಲ. ಇಡೀ ಧಾನ್ಯದಲ್ಲಿ ಪೊಟ್ಯಾಸಿಯಂ, ರಂಜಕ ಮೈದಾಕ್ಕಿಂತ ಹೆಚ್ಚು, ಆದ್ದರಿಂದ ಕೆಲವರಿಗೆ ವೈದ್ಯರೇ ಬಿಳಿ ಬ್ರೆಡ್ಡು ಹೇಳಿರುತ್ತಾರೆ. ಅವರ ಮಾತೇ ಕೊನೆ.

ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್ ಥರದ ಮಾತ್ರೆ ನುಂಗುವವರು ನಾಲ್ಕು ಸ್ಲೈಸಿನಿಂದ ಒಮ್ಮೆಲೇ ಒಂದಕ್ಕೆ ಇಳಿದರೆ ಶುಗರ್ ಲೋ ಆಗುವ ಅಪಾಯವಿದೆ. ಔಷಧಿಯ ಪ್ರಮಾಣ ಹಳೆಯ ಊಟಕ್ಕೆ ತಕ್ಕಂತೆ ಇರುತ್ತದಲ್ಲ. ಕೈ ನಡುಗಿ, ಬೆವರು ಬಂದು, ಕಣ್ಣು ಮಂಜಾಗುವ ಆ ಹೊತ್ತಿನಲ್ಲಿ ಬ್ರೆಡ್ಡು ತಿನ್ನಿಸಲು ಕೂರಬೇಡಿ, ಅದರ ಕೆಲಸ ನಿಧಾನ. ಮೂರು ಚಮಚ ಗ್ಲೂಕೋಸ್ ಪುಡಿ ನೀರಿಗೆ ಕದಡಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ. ಶುಗರ್ ಮೇಲೆ ಬಂದು, ಮುಂದಿನ ಊಟಕ್ಕೆ ಇನ್ನೂ ಹೊತ್ತಿದ್ದರೆ ಆಗ ಒಂದು ಸ್ಲೈಸು ಗೋಧಿ ಬ್ರೆಡ್ಡು ಕೊಡಬಹುದು, ಮತ್ತೆ ಇಳಿಯದಂತೆ ಹಿಡಿದಿಡುತ್ತದೆ. ಮಾತ್ರೆಯ ಪಟ್ಟಿಯಲ್ಲಿ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಎಂಬ ಹೆಸರಿದ್ದರೆ ಅಡುಗೆಮನೆಯ ಸಕ್ಕರೆ ಕೂಡ ಆ ಹೊತ್ತಿಗೆ ಬೇಗ ಕೆಲಸಕ್ಕೆ ಬಾರದು, ಸಕ್ಕರೆ ಒಡೆಯುವ ಕಿಣ್ವವನ್ನೇ ಆ ಮಾತ್ರೆ ತಡೆದಿರುತ್ತದೆ. ಅಂಥವರ ಮನೆಯಲ್ಲಿ ಗ್ಲೂಕೋಸ್ ಪುಡಿಯ ಡಬ್ಬಿ ಕೈಗೆಟುಕುವಲ್ಲೇ ಇರಬೇಕು, ಒಂದು ಚಿಕ್ಕ ಪೊಟ್ಟಣ ಹೊರಗೆ ಹೋಗುವ ಚೀಲದಲ್ಲಿಯೂ.